ಇಂಗ್ಲೆಂಡಿನ ಕೌನ್ಸಿಲ್‌ಗಳ ಹೋಮ್ ಕೇರ್ ಗುತ್ತಿಗೆಗೆ ಬಿಡ್ ಸಲ್ಲಿಸುವುದು ಹೇಗೆ?

ನಮ್ಮ ಕಡೆ ಟೆಂಡರ್ ಎಂದ ಕೂಡಲೇ ನೆನಪಿಗೆ ಬರುವುದು ಇಎಂಡಿ ಎಂಬ ಠೇವಣಿ, ತಾಂತ್ರಿಕ ವಿವರಕ್ಕೊಂದು ದರಕ್ಕೊಂದು ಎಂದು ಎರಡು ಲಕೋಟೆ ಮತ್ತು ಕೊನೆಯಲ್ಲಿ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಬರೆದವರು. ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ನರ್ಸ್ ಅಥವಾ ಕೇರರ್ ಆಗಿ ದುಡಿದು, ಈಗ ಸ್ವಂತ ಹೋಮ್ ಕೇರ್ ಸಂಸ್ಥೆ, ಅಂದರೆ ಮನೆಗೇ ಹೋಗಿ ಆರೈಕೆ ಮಾಡುವ ಸಂಸ್ಥೆ ಕಟ್ಟಲು ಹೊರಟಿರುವ ಕನ್ನಡಿಗರು ಕೌನ್ಸಿಲ್ (ಸ್ಥಳೀಯ ಆಡಳಿತ) ಟೆಂಡರಿನ ಕಡತವನ್ನು ಮೊದಲ ಸಲ ತೆರೆದಾಗ ಇದೇ ಲೆಕ್ಕ ಹಾಕಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿನ ಅಂಕಗಳ ಲೆಕ್ಕವೇ ಬೇರೆ. 2025ರ ಫೆಬ್ರವರಿ 24ರಂದು ಜಾರಿಗೆ ಬಂದ ಪ್ರೊಕ್ಯೂರ್‌ಮೆಂಟ್ ಆ್ಯಕ್ಟ್ 2023, ಹಿಂದಿನ ನಿಯಮದಲ್ಲಿದ್ದ ‘ಆರ್ಥಿಕವಾಗಿ ಅತ್ಯಂತ ಅನುಕೂಲಕರ ಬಿಡ್’ ಎಂಬ ಮಾತಿನಿಂದ ‘ಆರ್ಥಿಕವಾಗಿ’ ಎಂಬುದನ್ನು ತೆಗೆದು ‘ಅತ್ಯಂತ ಅನುಕೂಲಕರ ಬಿಡ್’ ಎಂದಷ್ಟೇ ಉಳಿಸಿದೆ.

ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣ ಸ್ನಾನ, ಉಡುಗೆ, ಊಟ, ಔಷಧಗಳಿಗೆ ನೆರವು ಬೇಕಾದ ಅರ್ಹ ವಯಸ್ಕರಿಗೆ ಆರೈಕೆ ಒದಗಿಸುವ ಹೊಣೆಯನ್ನು ಕೇರ್ ಆ್ಯಕ್ಟ್ 2014 ಸ್ಥಳೀಯ ಕೌನ್ಸಿಲ್‌ಗಳ ಮೇಲೆ ಹೊರಿಸಿದೆ. ಈ ಆರೈಕೆಯ ಬಹುಪಾಲನ್ನು ಕೌನ್ಸಿಲ್‌ಗಳು ಖಾಸಗಿ ಮತ್ತು ಸೇವಾ ಸಂಸ್ಥೆಗಳಿಂದ ಗಂಟೆಯ ಲೆಕ್ಕದಲ್ಲಿ ಕೊಳ್ಳುತ್ತವೆ. ಇಲ್ಲಿ ಹೇಳಿರುವುದು ಇಂಗ್ಲೆಂಡಿನ ಪದ್ಧತಿ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳ ನೋಂದಣಿ ಸಂಸ್ಥೆಗಳೇ ಬೇರೆ.

ಮೊದಲ ಹಂತ: ಅರ್ಹತೆ

ಮನೆಗೆ ಹೋಗಿ ವೈಯಕ್ತಿಕ ಆರೈಕೆ ನೀಡುವ ಸಂಸ್ಥೆ, ಆರೈಕೆ ಸೇವೆಗಳ ನಿಯಂತ್ರಕವಾದ ಕೇರ್ ಕ್ವಾಲಿಟಿ ಕಮಿಷನ್‌ನಲ್ಲಿ, ಅಂದರೆ ಸಿಕ್ಯೂಸಿಯಲ್ಲಿ ನೋಂದಾಯಿಸಿಕೊಳ್ಳದೆ ಕೆಲಸ ಆರಂಭಿಸುವುದೇ ಅಪರಾಧ. ನೋಂದಣಿಗೆ ಸಾಮಾನ್ಯವಾಗಿ ದಿನನಿತ್ಯದ ಸೇವೆಯ ಹೊಣೆ ಹೊರುವ ರಿಜಿಸ್ಟರ್ಡ್ ಮ್ಯಾನೇಜರ್ ಒಬ್ಬರು ಇರಬೇಕು. ತಪಾಸಣೆಯ ನಂತರ ಸಿಕ್ಯೂಸಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ‘ಗುಡ್’ ದರ್ಜೆಗಿಂತ ಕೆಳಗಿದ್ದವರನ್ನು ಅನೇಕ ಕೌನ್ಸಿಲ್‌ಗಳು ಬಾಗಿಲಲ್ಲೇ ನಿಲ್ಲಿಸುತ್ತವೆ. ಇನ್ನೂ ತಪಾಸಣೆಯಾಗದ ಹೊಸ ಸಂಸ್ಥೆಯನ್ನು ಕೆಲವು ಕೌನ್ಸಿಲ್‌ಗಳು ಸೇರಿಸಿಕೊಳ್ಳುತ್ತವೆ, ಕೆಲವು ಸೇರಿಸಿಕೊಳ್ಳುವುದಿಲ್ಲ. ಹೊಸಬರು ಸ್ವಂತ ಹಣ ಕೊಡುವ ಕುಟುಂಬಗಳಿಂದಲೂ, ಕೌನ್ಸಿಲ್ ಕೊಟ್ಟ ‘ಡೈರೆಕ್ಟ್ ಪೇಮೆಂಟ್’ ಹಣದಿಂದ ತಾವೇ ಆರೈಕೆ ಕೊಳ್ಳುವವರಿಂದಲೂ ಆರಂಭಿಸಿ, ಒಂದೆರಡು ವರ್ಷದ ದಾಖಲೆ ಕೂಡಿಸಿಕೊಂಡು ಟೆಂಡರಿಗೆ ಬರುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಕ್ಷೇಮ.

ಉದ್ಯೋಗದಾತರ ಪ್ರಾಯೋಜಕತ್ವದ ವೀಸಾದಲ್ಲಿರುವವರು, ಸ್ವಂತ ಉದ್ಯಮ ನಡೆಸಲು ತಮ್ಮ ವೀಸಾದಲ್ಲಿ ಎಷ್ಟರ ಮಟ್ಟಿಗೆ ಅವಕಾಶವಿದೆ ಎಂಬುದನ್ನು ವಲಸೆ ವಕೀಲರಲ್ಲಿ ಮೊದಲೇ ಕೇಳಿ ತಿಳಿಯಬೇಕು. ಹಾಗೆಯೇ, ಊರಿನಿಂದ ಕೇರರ್‌ಗಳನ್ನು ಕರೆಸಿಕೊಳ್ಳುತ್ತೇವೆ ಎಂಬ ಸಾಲು ಈಗ ಬಿಡ್‌ನಲ್ಲಿ ನಿಲ್ಲುವುದಿಲ್ಲ. ಕೇರ್ ವರ್ಕರ್ ವೀಸಾದಡಿ ವಿದೇಶದಿಂದ ಹೊಸ ನೇಮಕಾತಿ 2025ರ ಜುಲೈ 22ರಿಂದ ನಿಂತಿದೆ.

ಎರಡನೆಯ ಹಂತ: ಏನನ್ನು ಕೊಳ್ಳುತ್ತಿದ್ದಾರೆ ಎಂದು ಓದುವುದು

ಪ್ರಕಟಣೆಗಳು ಸರ್ಕಾರದ ‘ಫೈಂಡ್ ಎ ಟೆಂಡರ್’ ತಾಣದಲ್ಲಿ ಬರುತ್ತವೆ. ಅಲ್ಲಿ ಸಂಸ್ಥೆಯ ವಿವರ ಒಮ್ಮೆ ತುಂಬಿಟ್ಟರೆ ಮುಂದಿನ ಬಿಡ್‌ಗಳಿಗೂ ಬಳಸಬಹುದು. ಆರೈಕೆ ಸೇವೆಗಳು ‘ಲೈಟ್ ಟಚ್’ ಎಂಬ ಸಡಿಲ ನಿಯಮದಡಿ ಬರುವುದರಿಂದ, ಅವುಗಳಿಗೆ ಈ ಕಾಯ್ದೆ ಅನ್ವಯವಾಗುವ ಗುತ್ತಿಗೆ ಮೊತ್ತದ ಮಿತಿ ವ್ಯಾಟ್ ಸೇರಿ 6,63,540 ಪೌಂಡ್. ಅದಕ್ಕಿಂತ ಚಿಕ್ಕ ಗುತ್ತಿಗೆಗಳಿಗೆ ಆಯಾ ಕೌನ್ಸಿಲ್ ತನ್ನದೇ ನಿಯಮ ಅನುಸರಿಸುತ್ತದೆಯಾದ್ದರಿಂದ ಅದರ ಸ್ಥಳೀಯ ಪೋರ್ಟಲ್‌ನಲ್ಲೂ ಹೆಸರು ಕೊಟ್ಟಿರಬೇಕು. ಟೆಂಡರಿಗೆ ಮುನ್ನ ನಡೆಯುವ ಸಂಸ್ಥೆಗಳ ಸಭೆಗೆ ಹೋದರೆ, ಯಾವ ಬಡಾವಣೆಯಲ್ಲಿ ಕೇರರ್ ಸಿಗದೆ ಜನ ಕಾಯುತ್ತಿದ್ದಾರೆ ಎಂಬುದು ಅಧಿಕಾರಿಗಳ ಬಾಯಿಂದಲೇ ತಿಳಿಯುತ್ತದೆ.

ಕಡತ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು ಗುತ್ತಿಗೆಯ ಬಗೆ. ‘ಬ್ಲಾಕ್’ ಗುತ್ತಿಗೆಯಲ್ಲಿ ಇಷ್ಟು ಗಂಟೆ ಕೊಳ್ಳುತ್ತೇವೆ ಎಂಬ ಖಾತರಿ ಇರುತ್ತದೆ. ‘ಫ್ರೇಮ್‌ವರ್ಕ್’ನಲ್ಲಿ ನಿಮ್ಮ ಹೆಸರು ಪಟ್ಟಿಗೆ ಸೇರುತ್ತದೆ, ಅಷ್ಟೇ, ಸಾಮಾನ್ಯವಾಗಿ ಒಂದು ಗಂಟೆಯ ಕೆಲಸಕ್ಕೂ ಖಾತರಿ ಇರುವುದಿಲ್ಲ. ಪಟ್ಟಿಗೆ ಸೇರಿದ ಸಂಭ್ರಮದಲ್ಲಿ ಹತ್ತು ಜನರನ್ನು ಪೂರ್ಣಾವಧಿಗೆ ನೇಮಿಸಿಕೊಂಡವರು ಮೂರೇ ತಿಂಗಳಲ್ಲಿ ಸಂಬಳಕ್ಕೆ ಸಾಲ ಮಾಡಬೇಕಾದೀತು.

ಮೂರನೆಯ ಹಂತ: ಬರಹಕ್ಕೆ ಮೊದಲು ದರ

ಹೆಚ್ಚಿನವರು ಉತ್ತರಗಳನ್ನು ಬರೆದು ಮುಗಿಸಿ ಕೊನೆಯ ದಿನ ದರ ತುಂಬುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು. 2025-26ರ ಕಾನೂನುಬದ್ಧ ಕನಿಷ್ಠ ವೇತನವನ್ನೇ ಹಿಡಿದು, ವೃದ್ಧರ ಮನೆಯೊಳಗೆ ಕಳೆಯುವ ಒಂದು ಗಂಟೆಗೆ ಏನು ಖರ್ಚಾಗುತ್ತದೆ ನೋಡೋಣ. 21 ವರ್ಷ ತುಂಬಿದವರಿಗೆ ಗಂಟೆಗೆ 12.21 ಪೌಂಡ್. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಮಯಕ್ಕೂ ಕನಿಷ್ಠ ವೇತನ ಸಲ್ಲಬೇಕಾದ್ದರಿಂದ, ಪ್ರತಿ ಗಂಟೆಗೆ 12 ನಿಮಿಷ ದಾರಿಯಲ್ಲಿ ಹೋಗುತ್ತದೆ ಎಂದುಕೊಂಡರೆ 14.65. ರಜೆಯ ಸಂಬಳಕ್ಕೆ ಶೇ 12.07 ಸೇರಿಸಿದರೆ 16.42. ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಈಗ ವರ್ಷಕ್ಕೆ 5,000 ಪೌಂಡ್ ಮೇಲಿನ ಸಂಬಳದ ಶೇ 15. ಪೂರ್ಣಾವಧಿ ಕೇರರ್‌ಗೆ ಅದು ಒಟ್ಟು ಸಂಬಳದ ಶೇ 12ರ ಆಸುಪಾಸು ಬರುತ್ತದೆ. ಅದನ್ನೂ ಕನಿಷ್ಠ ಪಿಂಚಣಿ ವಂತಿಗೆಯನ್ನೂ ಕೂಡಿಸಿ, ಮೈಲಿಗೆ 45 ಪೆನ್ಸ್‌ನಂತೆ ಮೂರು ಮೈಲಿಯ ಕಾರಿನ ಭತ್ಯೆ ಹಾಕಿದರೆ 20 ಪೌಂಡ್ ದಾಟಿತು. ಮ್ಯಾನೇಜರ್, ರೋಟಾ (ಪಾಳಿ ಪಟ್ಟಿ) ನೋಡುವವರು, ತರಬೇತಿ, ಡಿಬಿಎಸ್ ಎಂಬ ಅಪರಾಧ ಹಿನ್ನೆಲೆಯ ಪರಿಶೀಲನೆ, ವಿಮೆ, ಸಾಫ್ಟ್‌ವೇರ್, ಸಿಕ್ಯೂಸಿ ಶುಲ್ಕ, ಕಚೇರಿ ಬಾಡಿಗೆ ಇನ್ನೂ ಸೇರಿಲ್ಲ. ಹೋಮ್ ಕೇರ್ ಸಂಸ್ಥೆಗಳ ಸಂಘಟನೆಯಾದ ಹೋಮ್‌ಕೇರ್ ಅಸೋಸಿಯೇಷನ್ ಆ ವರ್ಷ ಇಂಗ್ಲೆಂಡಿಗೆ ಲೆಕ್ಕ ಹಾಕಿದ ಕನಿಷ್ಠ ದರ ಗಂಟೆಗೆ 32.14 ಪೌಂಡ್. ನೋಂದಾಯಿತ ಆರೈಕೆಗೆ ವ್ಯಾಟ್ ವಿನಾಯಿತಿ ಇರುವುದರಿಂದ, ನೀವು ಖರೀದಿಯಲ್ಲಿ ಕೊಟ್ಟ ವ್ಯಾಟ್ ಕೂಡ ವಾಪಸು ಬರುವುದಿಲ್ಲ.

ಇನ್ನು ದರ ಇಳಿಸಿದರೆ ಸಿಗುವುದೆಷ್ಟು? ದರಕ್ಕೆ 40 ಅಂಕ, ಗುಣಮಟ್ಟಕ್ಕೆ 60 ಅಂಕ ಇರುವ ಟೆಂಡರ್ ಎಂದುಕೊಳ್ಳಿ. ಎಲ್ಲರಿಗಿಂತ ಕಡಿಮೆ ಬರೆದವರ ದರ 26 ಪೌಂಡ್, ನಿಮ್ಮದು 28. ಕಡಿಮೆ ದರವನ್ನು ನಿಮ್ಮ ದರದಿಂದ ಭಾಗಿಸಿ 40ರಿಂದ ಗುಣಿಸುವ ಸಾಮಾನ್ಯ ಸೂತ್ರದಲ್ಲಿ ನಿಮಗೆ 37.1 ಅಂಕ ಬರುತ್ತದೆ. ಕಳೆದುಕೊಂಡದ್ದು ಮೂರಕ್ಕೂ ಕಡಿಮೆ. ಅದೇ ಟೆಂಡರಿನಲ್ಲಿ 15 ಅಂಕದ ಒಂದು ಪ್ರಶ್ನೆಗೆ ಐದರಲ್ಲಿ ಮೂರು ಪಡೆಯುವ ಉತ್ತರವನ್ನು ನಾಲ್ಕಕ್ಕೆ ಏರಿಸಿದರೆ ಪೂರ್ತಿ ಮೂರು ಅಂಕ ವಾಪಸು ಬರುತ್ತದೆ. ಗುತ್ತಿಗೆ ಇರುವಷ್ಟು ವರ್ಷವೂ ಗಂಟೆಗೆ ಎರಡು ಪೌಂಡ್ ಬಿಟ್ಟುಕೊಡುವುದಕ್ಕೂ ಎರಡು ಸಂಜೆ ಕುಳಿತು ಒಂದು ಉತ್ತರ ತಿದ್ದುವುದಕ್ಕೂ ಅಲ್ಲಿ ಬೆಲೆ ಒಂದೇ. ಸೂತ್ರ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬದಲಾಗುತ್ತದೆ. ಕಡತದಲ್ಲಿರುವ ಸೂತ್ರಕ್ಕೆ ನಿಮ್ಮ ಅಂಕಿಗಳನ್ನು ಹಾಕಿ ನೋಡಿ. ಕೆಲವೆಡೆ ದರವನ್ನು ಕೌನ್ಸಿಲ್ಲೇ ನಿಗದಿ ಮಾಡಿರುತ್ತದೆ. ಆ ದರ ನಿಮ್ಮ ಖರ್ಚಿಗೆ ಸಾಲದಿದ್ದರೆ ಕಡತವನ್ನು ಅಲ್ಲಿಗೇ ಮುಚ್ಚುವುದು ಲೇಸು.

ನಾಲ್ಕನೆಯ ಹಂತ: ಗುಣಮಟ್ಟದ ಉತ್ತರ

ಪ್ರಶ್ನೆಗಳು ನೇಮಕಾತಿ, ಸುರಕ್ಷತೆ, ಸಮಯಪಾಲನೆ, ಸ್ಥಳೀಯ ಸಮುದಾಯಕ್ಕೆ ಆಗುವ ಲಾಭ ಮುಂತಾದವುಗಳ ಮೇಲಿರುತ್ತವೆ. ಪದಮಿತಿ ದಾಟಿದ ಭಾಗವನ್ನು ಸಾಮಾನ್ಯವಾಗಿ ಓದುವುದೇ ಇಲ್ಲ. ಒಂದು ಸನ್ನಿವೇಶದ ಪ್ರಶ್ನೆ ತೆಗೆದುಕೊಳ್ಳೋಣ: ಬೆಳಿಗ್ಗೆ 8 ಗಂಟೆಗೆ ಹೋದ ಕೇರರ್ ಎಷ್ಟು ಬೆಲ್ ಒತ್ತಿದರೂ ಒಂಟಿಯಾಗಿರುವ ವೃದ್ಧೆ ಬಾಗಿಲು ತೆರೆಯುತ್ತಿಲ್ಲ, ಏನು ಮಾಡುತ್ತೀರಿ?

‘ನಮ್ಮ ಸಿಬ್ಬಂದಿ ಉತ್ತಮ ತರಬೇತಿ ಪಡೆದಿದ್ದು ಸುರಕ್ಷತೆಗೆ ಮೊದಲ ಆದ್ಯತೆ ನೀಡುತ್ತಾರೆ’ ಎಂಬ ಉತ್ತರಕ್ಕೆ ಐದರಲ್ಲಿ ಎರಡು ಬಂದರೆ ಹೆಚ್ಚು. ಅಂಕ ತರುವ ಉತ್ತರ ಬಾಗಿಲ ಮುಂದೆಯೇ ಶುರುವಾಗುತ್ತದೆ. ಕೇರರ್ ಅಂಚೆ ಹಾಕುವ ಕಿಂಡಿಯಿಂದ ಕೂಗುತ್ತಾರೆ, ಕಿಟಕಿಯಲ್ಲಿ ಇಣುಕುತ್ತಾರೆ, ಮನೆಯ ಫೋನಿಗೆ ಕರೆ ಮಾಡುತ್ತಾರೆ. ನರಳುವ ಸದ್ದು ಕೇಳಿದರೆ ಕೂಡಲೇ ತುರ್ತು ಸೇವೆಯ 999ಕ್ಕೆ ಕರೆ. ಸದ್ದೇ ಇಲ್ಲದಿದ್ದರೆ ಕಚೇರಿಗೆ ತಿಳಿಸುತ್ತಾರೆ. ಕಚೇರಿಯವರು ಮಗಳಿಗೆ, ಪಕ್ಕದ ಮನೆಗೆ, ರಾತ್ರಿ ಆಸ್ಪತ್ರೆಗೆ ಸೇರಿರಬಹುದೇ ಎಂದು ಅಲ್ಲಿಗೂ ವಿಚಾರಿಸುತ್ತಾರೆ. ಕೀ ಸೇಫ್ (ಬಾಗಿಲ ಹೊರಗೆ ಬೀಗದ ಕೈ ಇಡುವ, ಸಂಖ್ಯೆ ಒತ್ತಿ ತೆರೆಯುವ ಪೆಟ್ಟಿಗೆ) ಇದ್ದು ಅನುಮತಿ ಇದ್ದರೆ ಒಳಹೋಗುತ್ತಾರೆ, ಇಲ್ಲದಿದ್ದರೆ ಪೊಲೀಸರ ನೆರವು ಕೇಳುತ್ತಾರೆ. ಕಚೇರಿ ಹೇಳುವವರೆಗೆ ಕೇರರ್ ಆ ಜಾಗ ಬಿಡುವುದಿಲ್ಲ. ಕೊನೆಯಲ್ಲಿ, ಹೆಚ್ಚಿನವರು ಮರೆಯುವ ಸಾಲು: 8.45ಕ್ಕೆ ಇದೇ ಕೇರರ್‌ಗಾಗಿ ಕಾಯುತ್ತಿರುವ ಇನ್ನೊಬ್ಬರ ಮನೆಗೆ ಆಗ ಯಾರು ಹೋಗುತ್ತಾರೆ, ಅವರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿ ತಿಳಿಸಲಾಗುತ್ತದೆ? ಈ ಕೆಲಸ ಕೈಯಾರೆ ಮಾಡಿದವರಿಗಷ್ಟೇ ಹೊಳೆಯುವ ಸಾಲು ಅದು. ಬಾಡಿಗೆ ಬಿಡ್ ಬರಹಗಾರರಿಗಿಂತ ನರ್ಸ್ ಆಗಿದ್ದವರು ಮುಂದಿರುವುದು ಇಲ್ಲೇ.

ಸಲ್ಲಿಕೆ ಮತ್ತು ಅನಂತರ

ಅರ್ಥವಾಗದ್ದನ್ನು ಗಡುವಿನೊಳಗೆ ಪೋರ್ಟಲ್ ಮೂಲಕವೇ ಕೇಳಬೇಕು. ಉತ್ತರ ಸಾಮಾನ್ಯವಾಗಿ ಹೆಸರಿಲ್ಲದೆ ಎಲ್ಲ ಸ್ಪರ್ಧಿಗಳಿಗೂ ಹೋಗುತ್ತದೆಯಾದ್ದರಿಂದ ನಿಮ್ಮ ಗುಟ್ಟನ್ನು ಪ್ರಶ್ನೆಯಲ್ಲಿ ಬಿಟ್ಟುಕೊಡಬೇಡಿ. ಗಡುವು ಮಧ್ಯಾಹ್ನ 12 ಎಂದಿದ್ದರೆ ಹಿಂದಿನ ದಿನವೇ ಕಡತ ಏರಿಸಿ.

ಫಲಿತಾಂಶದ ಜೊತೆ ಬರುವ ಮೌಲ್ಯಮಾಪನ ಸಾರಾಂಶದಲ್ಲಿ ನಿಮ್ಮ ಅಂಕಗಳೂ ಅವುಗಳಿಗೆ ಕಾರಣಗಳೂ ಇರುತ್ತವೆ. ಸೋತವರು ಇದನ್ನು ಮುಂದಿನ ಬಿಡ್‌ನ ಮೊದಲ ಕರಡು ಎಂದು ಜೋಪಾನವಾಗಿ ಇಡಬೇಕು. ಗೆದ್ದವರಿಗೆ ‘ಟ್ಯೂಪಿ’ ನಿಯಮ ಎದುರಾಗಬಹುದು: ಹಳೆಯ ಸಂಸ್ಥೆಯ ಕೇರರ್‌ಗಳು ತಮ್ಮ ಹಳೆಯ ಸಂಬಳ ಮತ್ತು ಸೇವಾವಧಿಯ ಸಮೇತ ನಿಮ್ಮಲ್ಲಿಗೆ ವರ್ಗವಾಗುತ್ತಾರೆ. ಅಂಥ ಕೇರರ್‌ಗಳ ಪಟ್ಟಿಯನ್ನು ದರ ಬರೆಯುವ ಮೊದಲೇ ಕೌನ್ಸಿಲ್ ಮೂಲಕ ಕೇಳಿ ಪಡೆದಿರಬೇಕು. ಹಸ್ತಾಂತರದ ವಾರದಲ್ಲಿ ಪ್ರತಿ ಮನೆಯ ಆರೈಕೆ ಯೋಜನೆ, ಔಷಧ ಪಟ್ಟಿ, ಕೀ ಸೇಫ್ ಸಂಖ್ಯೆ ಇವಿಷ್ಟನ್ನೂ ಒಂದೊಂದಾಗಿ ತಾಳೆ ನೋಡಿ. ಸೋಮವಾರ ಬೆಳಿಗ್ಗೆ ಏಳಕ್ಕೆ ಮೊದಲ ಮನೆಯ ಮುಂದೆ ನಿಂತ ನಿಮ್ಮ ಕೇರರ್ ಕೈಯಲ್ಲಿ ಆ ಮೂರೂ ಇರಬೇಕು.