ಮೆಣಸಿನಕಾಯಿ ಸುಗ್ಗಿ ಮತ್ತು ನನ್ನ ನಿದ್ದೆಯ ಲೆಕ್ಕ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನನಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಮನಸ್ಸು ಕೆಲವು ಸಲ ಮಿತಿಮೀರಿ ಏರುತ್ತದೆ, ಕೆಲವು ಸಲ ಪೂರ್ತಿ ಕುಸಿಯುತ್ತದೆ. ಎರಡನ್ನೂ ಒಟ್ಟಿಗೆ ಯಾಕೆ ಹೇಳಿದೆ ಅಂದರೆ, ಜನವರಿ ಬಂತೆಂದರೆ ಮಾರುಕಟ್ಟೆಗೆ ಲೋಡ್ ಮೇಲೆ ಲೋಡ್ ಮೆಣಸಿನಕಾಯಿ ಬರುತ್ತದೆ, ಟೆಂಡರ್, ತೂಕ, ಪಟ್ಟಿ ಅಂತ ರಾತ್ರಿ ಎರಡಾದರೂ ಕೆಲಸ ಮುಗಿಯಲ್ಲ. ಮೊದಲ ಸಲ ತಲೆ ಕೆಟ್ಟಿದ್ದು ಅಂಥ ಸುಗ್ಗಿಯಲ್ಲೇ. ಮೂರು ದಿನ ನಿದ್ದೆ ಇಲ್ಲ, ಆದರೂ ದಣಿವಿಲ್ಲ. ಇದೇನು ಶಕ್ತಿ ಬಂತಪ್ಪಾ ಅಂತ ಖುಷಿ! ಕಂಡಕಂಡವರ ಹತ್ತಿರ ಸಾಲ ತಂದು ನಾನೇ ನಲವತ್ತು ಚೀಲ ಮಾಲು ಹಿಡಿದೆ. ಏಪ್ರಿಲ್‌ ಹೊತ್ತಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಗಾಳಿ ಸೋಕಿದೆ ಅಂತ ತಾಯತವನ್ನೂ ಕಟ್ಟಿಸಿದರು.

ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಕಾಯಿಲೆಯ ಹೆಸರು ಗೊತ್ತಾಯಿತು, ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಗುಳಿಗೆ ಶುರುವಾಯಿತು. ಒಂದೂವರೆ ವರ್ಷ ಆರಾಮಾಗಿದ್ದೆ. ಆರಾಮಾಗಿದ್ದೇನಲ್ಲ, ಇನ್ನು ಗುಳಿಗೆ ಯಾಕೆ ಅಂತ ಸುಮ್ನೆ ಬಿಟ್ಟೆ. ಮುಂದಿನ ಸುಗ್ಗಿಗೆ ಮತ್ತೆ ಅದೇ ಕಥೆ.

ಆಮೇಲೆ ಒಂದು ಸಣ್ಣ ವಹಿ ಇಟ್ಟೆ. ದಿನಾ ಮುಂಜಾನೆ ಒಂದೇ ಅಂಕಿ: ರಾತ್ರಿ ಎಷ್ಟು ತಾಸು ಮಲಗಿದೆ. ಮೊದಲು ಮೂಡ್ ಬರೆದು ನೋಡಿದ್ದೆ, ಉಪಯೋಗವಾಗಲಿಲ್ಲ, ಏರುವ ಹೊತ್ತಿನಲ್ಲಿ ದಿನವೂ 'ಭಾರಿ ಚಲೋ' ಅಂತಲೇ ಬರೆದಿದ್ದೆ. ತಾಸಿನ ಲೆಕ್ಕದಲ್ಲಿ ಹಾಗೆ ಮಾಡಲಾಗಲ್ಲ, ಪಕ್ಕದಲ್ಲಿ ಮಲಗಿದವಳು ನೋಡಿರುತ್ತಾಳಲ್ಲ. ಸಾಲಾಗಿ ಎರಡು ರಾತ್ರಿ ಐದು ತಾಸಿಗಿಂತ ಕಡಿಮೆಯಾದರೆ ಮೂರನೇ ದಿನ ರಜೆ, ಎಟಿಎಂ ಕಾರ್ಡ್ ಹೆಂಡತಿಯ ಕೈಗೆ, ಡಾಕ್ಟರಿಗೆ ಫೋನು. ಇದನ್ನೆಲ್ಲ ನಾನೇ, ಬುದ್ಧಿ ನೆಟ್ಟಗಿದ್ದಾಗ, ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಆ ಹೊತ್ತಿನಲ್ಲಿ ಕೇಳಿದರೆ ಜಗಳಕ್ಕೇ ಬರುತ್ತೇನೆ ಅಂತ ನನಗೇ ಗೊತ್ತು.

ಸಾವ್ಕಾರರಿಗೆ ಹೇಳಲು ಎರಡು ತಿಂಗಳು ಹೆದರಿದೆ. ಹೇಳಿದ ಮೇಲೆ "ರಾತ್ರಿ ಪಟ್ಟಿ ಹುಡುಗ್ರು ಬರೀತಾರ, ನೀ ಒಂಬತ್ತಕ್ಕ ಮನಿಗೆ ಹೋಗು" ಅಂದರು. ಸಂಬಳ ಸ್ವಲ್ಪ ಇಳಿಯಿತು. ಬೇಸರವಾಗಲಿಲ್ಲ ಅಂದರೆ ಸುಳ್ಳು.

ಲಿಥಿಯಂ ತಗೊಳ್ಳುವವರಿಗೆ ಒಂದು ಮಾತು. ರಕ್ತದಲ್ಲಿ ಅದು ಎಷ್ಟಿದೆ ಅಂತ ಆಗಾಗ ನೋಡಿಸಲೇಬೇಕು, ಜೊತೆಗೆ ಥೈರಾಯ್ಡ್, ಕಿಡ್ನಿ. ರಾತ್ರಿಯ ಗುಳಿಗೆ ನುಂಗಿ 12 ತಾಸಾದ ಮೇಲೆ ರಕ್ತ ಕೊಡಬೇಕು, ಮುಂಜಾನೆಯದು ಇದ್ದರೆ ರಕ್ತ ಕೊಟ್ಟ ಮೇಲೆಯೇ. ಬೇಸಿಗೆಯಲ್ಲಿ ಮೈಯಲ್ಲಿ ನೀರು ಕಡಿಮೆಯಾದರೂ ಲೆವೆಲ್ ಏರುತ್ತದೆ. ಒಂದು ಸಲ ಬೆನ್ನುನೋವಿಗೆ ಔಷಧಿ ಅಂಗಡಿಯಿಂದ ಐಬುಪ್ರೊಫೆನ್ ತಂದು ನಾಲ್ಕು ದಿನ ನುಂಗಿದೆ, ಕೈ ನಡುಗಿ ಅಂಕಿ ಬರೆಯಲೂ ಆಗಲಿಲ್ಲ. ಆ ಗುಳಿಗೆಯೂ ಲಿಥಿಯಂ ಏರಿಸುತ್ತದಂತೆ. ಈಗ ಯಾವ ನೋವಿನ ಗುಳಿಗೆಗೂ ಮೊದಲು ಡಾಕ್ಟರನ್ನು ಕೇಳುತ್ತೇನೆ.

ಈ ಸುಗ್ಗಿಯಲ್ಲೂ ವಹಿಯಲ್ಲಿ ಒಂದು ಸಲ 4, ಮರುದಿನ 4½ ಅಂತ ಬಿತ್ತು. ಹೆಂಡತಿ ನೋಡಿ, "ಕಾರ್ಡ್ ಕೊಡ್ರಿ ಇತ್ಲಾಗ" ಅಂದಳು. ಒಂದು ತಾಸು ಜಗಳ ಮಾಡಿದೆ. ಕೊಟ್ಟೆ. ನಾಲ್ಕು ದಿನ ಮನೆಯಲ್ಲಿದ್ದು ಐದನೇ ದಿನ ಅಂಗಡಿಗೆ ಹೋದೆ, ಬಾಕಿ ಪಟ್ಟಿ ರಾಶಿ ಬಿದ್ದಿತ್ತು.