ಬೇಡವಾದ ರಿವಾಲ್ವರ್ ಬಿಟ್ಟುಕೊಡುವ ಮೊದಲು, ಬಿಟ್ಟುಕೊಡುವಾಗ

2024ರ ಲೋಕಸಭೆ ಚುನಾವಣೆಗೆ ಎಂದಿನಂತೆ ನನ್ನ .32 ರಿವಾಲ್ವರ್ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ತುಮಕೂರಿನಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿಯಿತು, ಜೂನ್‌ನಲ್ಲಿ ನೀತಿಸಂಹಿತೆಯೂ ಹೋಯಿತು. ನಾನು ವಾಪಸ್ ತರಲು ಹೋಗಿದ್ದು ಆಗಸ್ಟ್‌ನಲ್ಲಿ. ಅಷ್ಟು ದಿನ ಅದರ ನೆನಪೇ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಗುರಿ ಅಭ್ಯಾಸ ಮಾಡುತ್ತಿರುವವನು ನಾನು. ಮನಸ್ಸು ಅದರಿಂದ ದೂರವಾಗಿದೆ ಅಂತ ಅವತ್ತೇ ಗೊತ್ತಾಯಿತು.

ನಿಮಗೂ ಹೀಗಾಗಿದ್ದರೆ ತಕ್ಷಣ ಮಾರಬೇಡಿ. ಕೊರತೆ ಕೈಯಲ್ಲಿದೆಯಾ, ಬಂದೂಕಿನಲ್ಲಿದೆಯಾ, ಮೊದಲು ನೋಡಿಕೊಳ್ಳಿ.

ರೇಂಜ್‌ಗೆ ಹೋದಾಗ ಜೊತೆಗಾರರಿಗೆ ಹೇಳಿ ರಿವಾಲ್ವರಿನಲ್ಲಿ ತೋಟಾ ಕೂರುವ ಆರು ಮನೆಗಳಲ್ಲಿ ಮೂರಕ್ಕೆ ತೋಟಾ, ಮೂರಕ್ಕೆ ಹಾರಿಸಿದ ಖಾಲಿ ಕೇಸ್ ತುಂಬಿಸಿ. ಯಾವುದು ಎಲ್ಲಿದೆ ಅಂತ ನಿಮಗೆ ಗೊತ್ತಾಗಬಾರದು. ನಳಿಗೆ ಗುರಿಯ ಕಡೆಗೇ ಇರಲಿ, ಒಂದೊಂದಾಗಿ ಹೊಡೆಯಿರಿ. ಖಾಲಿ ಕೇಸ್ ಮೇಲೆ ಹ್ಯಾಮರ್, ಅಂದರೆ ಹಿಂದಿನಿಂದ ಬಡಿಯುವ ಸುತ್ತಿಗೆ, ಬಿದ್ದಾಗ ಬರೀ 'ಟಕ್' ಅನ್ನುತ್ತದೆ, ಒದೆತ ಇರುವುದಿಲ್ಲ. ಆಗ ನಳಿಗೆಯ ತುದಿಯನ್ನು ನೋಡಿ. ಅಲ್ಲಾಡದೆ ನಿಂತಿದ್ದರೆ ಕೈ ಸರಿಯಾಗಿದೆ. ಕೆಳಕ್ಕೆ ಬಾಗಿದರೆ ಗುಂಡು ಹಾರುವ ಮೊದಲೇ ಕೈ ಬೆಚ್ಚುತ್ತಿದೆ ಅಂತ ಅರ್ಥ. ನನ್ನದು ಮೂರಕ್ಕೆ ಮೂರೂ ಸಲ ಬಾಗಿತು! ತೋಟಾ ಇಲ್ಲದ ಕೋಣೆಯಲ್ಲಿ, ರಿವಾಲ್ವರ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿಕೊಂಡು, ಎರಡು ತಿಂಗಳು ಬರೀ ಟ್ರಿಗರ್ ಎಳೆಯುವ ಅಭ್ಯಾಸ ಮಾಡಿದೆ. ಬೆಚ್ಚುವುದು ನಿಂತಿತು. ಆದರೆ ಖುಷಿ ವಾಪಸ್ ಬರಲಿಲ್ಲ.

ಆಮೇಲೆ ಹಿಡಿ ನೋಡಿದೆ. ಕಿರುಬೆರಳಿಗೆ ಜಾಗವೇ ಇರಲಿಲ್ಲ, ಗಾಳಿಯಲ್ಲಿ ನೇತಾಡುತ್ತಿತ್ತು. ರಬ್ಬರ್ ಹಿಡಿ ಹಾಕಿಸಿದ ಮೇಲೆ ಅದು ಸರಿಹೋಯಿತು. ಹ್ಯಾಮರ್ ಎಳೆದಿಟ್ಟು ಹೊಡೆದರೆ 10 ಮೀಟರ್‌ನಲ್ಲಿ ಅಂಗೈಯಷ್ಟು ಜಾಗದಲ್ಲೇ ಗುಂಡು ಬೀಳುತ್ತಿತ್ತು. ಟ್ರಿಗರ್ ಒಂದನ್ನೇ ಎಳೆದು ಹೊಡೆದರೆ ಊಟದ ತಟ್ಟೆಯಷ್ಟು ಹರಡುತ್ತಿತ್ತು, ಅಷ್ಟು ಗಟ್ಟಿ ಟ್ರಿಗರ್. ಹನ್ನೆರಡು ಗುಂಡು ಹೊಡೆದ ಮಾರನೇ ದಿನ ಗುಬ್ಬಿಯ ತೋಟದಲ್ಲಿ ಎಳನೀರು ಕೆತ್ತಲು ಮಚ್ಚು ಹಿಡಿಯಲಾಗುತ್ತಿರಲಿಲ್ಲ. ಹೆಬ್ಬೆರಳಿನ ಕೀಲು ಹಾಗೆ ನೋಯುತ್ತಿತ್ತು. ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಒತ್ತಡದಿಂದ ಪೆಲೆಟ್ ಅನ್ನೋ ಸಣ್ಣ ಗುಂಡು ಹಾರಿಸುವ ನನ್ನ ಸಿಓಟು ಪಿಸ್ತೂಲನ್ನೂ ಬಿಟ್ಟಿದ್ದೇನೆ. ಚಳಿಗೆ ಗ್ಯಾಸಿನ ಒತ್ತಡ ಇಳಿಯುತ್ತದೆ, ಡಿಸೆಂಬರ್ ಬೆಳಗ್ಗೆ ಪೆಲೆಟ್ ಗುರಿಗಿಂತ ಕೆಳಗೆ ಬೀಳುತ್ತದೆ. ಈಗ ಕೈಯಲ್ಲಿರುವುದು 10 ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲ್. ನಿಯಮದ ಪ್ರಕಾರ ಟ್ರಿಗರ್ ಭಾರ ಕನಿಷ್ಠ 500 ಗ್ರಾಂ ಇದ್ದರೆ ಸಾಕು. ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್, ಅಂದರೆ ಒಂದು ಉಗುರಿನಷ್ಟು. ಅದಕ್ಕೆ ಪೆಲೆಟ್ ತಾಗಿದ ಬೆಳಗ್ಗೆ ಕಾಫಿಗೂ ಬೇರೆಯೇ ರುಚಿ.

ಇನ್ನು ರಿವಾಲ್ವರ್ ಬಿಟ್ಟುಕೊಡುವ ಕೆಲಸ. ಇಲ್ಲಿ ಅವಸರ ಬೇಡವೇ ಬೇಡ. ಮಾರುವ ಉದ್ದೇಶವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮಲ್ಲಿ ಡಿಸಿಯವರಿಗೆ, ಇಲ್ಲವೇ ಹತ್ತಿರದ ಠಾಣಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿ ಕನಿಷ್ಠ 45 ದಿನ ಕಳೆದ ಮೇಲಷ್ಟೇ ಕೊಡಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಹೀಗಿದೆ. ಅರ್ಜಿಯ ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಕೊಳ್ಳುವವರ ಲೈಸೆನ್ಸನ್ನು ಕಣ್ಣಾರೆ ನೋಡಿ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹತ್ತಿರ ಎರಡಕ್ಕಿಂತ ಜಾಸ್ತಿ ಬಂದೂಕು ಇರುವ ಹಾಗಿಲ್ಲ, ಮೊದಲು ಮೂರಿತ್ತು. ಆದ್ದರಿಂದ ಅವರ ಹತ್ತಿರ ಈಗಾಗಲೇ ಎಷ್ಟಿದೆ ಅಂತಲೂ ಕೇಳಿ. 'ಸುಮ್ನೆ ನಿನ್ನ ಹತ್ರ ಇರಲಿ' ಅಂತ ಲೈಸೆನ್ಸ್ ಇಲ್ಲದ ಭಾಮೈದನ ಕೈಗೆ ಮಾತ್ರ ಕೊಡಬೇಡಿ. ಇಬ್ಬರೂ ಸಿಕ್ಕಿಬೀಳುತ್ತೀರಿ.

ಉಳಿದ ತೋಟಾಗಳನ್ನು ಮರೆಯಬೇಡಿ. ಬಂದೂಕು ಹೋದ ಮೇಲೆ ಡ್ರಾಯರಿನಲ್ಲಿ ನಾಲ್ಕು ತೋಟಾ ಉಳಿದರೂ ತೊಂದರೆಯೇ. ನಾನು ಹಳೇ ಕೋಟಿನ ಜೇಬನ್ನೂ ತಡಕಿದೆ, ಒಂದು ಸಿಕ್ಕಿತು. ಅದನ್ನೂ ಉಳಿದವುಗಳ ಜೊತೆ ಎಣಿಸಿ, ಬಂದೂಕು ಡೀಲರ್ ಪುಸ್ತಕದಲ್ಲಿ ಬರೆಸಿ, ಲೈಸೆನ್ಸ್‌ನಲ್ಲಿ ರಿವಾಲ್ವರಿನ ನಮೂದು ತೆಗೆಸಲು ಅಲ್ಲಿಂದ ನೇರ ಡಿಸಿ ಕಚೇರಿಗೆ ಹೋದೆ.