ಜಾಮೀನು ಸಿಕ್ಕಿಯೂ ಒಳಗೇ ಉಳಿದವರು: ಎರಡೂವರೆ ರೂಪಾಯಿ ಕಾಗದದ ನನ್ನ ಅನುಭವ

ಕೈದಿಗಳ ಮನೆಯವರಿಗೆ ಕಾಗದ ಬರೆಯುತ್ತೇನೆ ಎಂದಾಗ ನ್ಯಾಯಾಲಯದ ಕ್ಯಾಂಟೀನಿನಲ್ಲಿ ಕೂತಿದ್ದವರೆಲ್ಲ ನಕ್ಕಿದ್ದರು. "ಜಾಮೀನು ಕೊಡಿಸುವುದಷ್ಟೇ ನಮ್ಮ ಕೆಲಸ ಕಣಪ್ಪ, ಹೊಣೆ ಹೊರುವ ಜಾಮೀನುದಾರನನ್ನು ಹುಡುಕುವುದಲ್ಲ" ಎಂದರು ಒಬ್ಬ ಹಿರಿಯರು. ಎರಡು ವರ್ಷವಾಯಿತು. ಜಾಮೀನಿನ ಆದೇಶ ಕೈಯಲ್ಲಿದ್ದೂ ಹೊರಬರಲಾಗದ ಅರವತ್ತು ಚಿಲ್ಲರೆ ಮಂದಿಯಲ್ಲಿ ನಲವತ್ತರಷ್ಟು ಜನ ಮನೆ ಸೇರಿದ್ದಾರೆ. ನಕ್ಕವರಲ್ಲಿ ಇಬ್ಬರು ಈಚೆಗೆ ನನ್ನ ಕಾಗದದ ನಕಲು ಕೇಳಿದರು.

ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪರವಾಗಿ ವಾರಕ್ಕೆರಡು ಬಾರಿ ಜೈಲಿಗೆ ಹೋಗುವ ವಕೀಲ ನಾನು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಹೇಳುವುದಿಷ್ಟು: ಜಾಮೀನಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ತಿಂಗಳೊಳಗೆ ಬಾಂಡ್, ಅಂದರೆ ಜಾಮೀನಿನ ಮುಚ್ಚಳಿಕೆ ಪತ್ರ, ಬರದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯ ತಾನೇ ಪರಿಶೀಲಿಸಬಹುದು. ಆ ಆದೇಶವನ್ನೇ ನೆಚ್ಚಿಕೊಂಡು ಮೊದಲ ಆರು ತಿಂಗಳು ಬರೀ ಅರ್ಜಿ ಹಾಕಿದೆ. ಹದಿನಾಲ್ಕೋ ಹದಿನೈದೋ ಇರಬೇಕು, ಒಂಬತ್ತು ಬಿದ್ದುಹೋದವು. ಪ್ರತಿ ಸಲವೂ ಪೀಠದಿಂದ ಬಂದದ್ದು ಒಂದೇ ಪ್ರಶ್ನೆ: "ಇವನ ಕಡೆಯವರು ಯಾರಾದರೂ ಬಂದಿದ್ದಾರೆಯೇ?" ನ್ಯಾಯಾಧೀಶರಿಗೆ ಜಾಮೀನುದಾರನ ಜಮೀನಿನ ಪಹಣಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಒಂದು ಮುಖ ಎಂದು ತಿಳಿಯಲು ನನಗೆ ಅಷ್ಟು ಕಾಲ ಹಿಡಿಯಿತು.

ಮುಖ ಎಲ್ಲಿಂದ ತರುವುದು? ಬಂಧನವಾದಾಗಲೇ ಮೊಬೈಲ್ ಜಪ್ತಿಯಾಗಿರುತ್ತದೆ. ಈಗಿನ ಹುಡುಗರಿಗೆ ತಾಯಿಯ ನಂಬರೂ ಬಾಯಿಪಾಠವಿಲ್ಲ. ಒಬ್ಬನಿಗೆ ನೆನಪಿದ್ದದ್ದು ಮೇಸ್ತ್ರಿಯ ನಂಬರೊಂದೇ. ಕರೆ ಮಾಡಿದರೆ ಅವನಿಗೆ ಇವನೇ ಎಂಟು ಸಾವಿರ ಸಾಲ ಕೊಡಬೇಕಂತೆ! ಆದರೆ ಊರು, ಓಣಿ, ಗುಡಿ ಯಾರೂ ಮರೆತಿರುವುದಿಲ್ಲ.

ಮೊದಲು 50 ಪೈಸೆಯ ಪೋಸ್ಟ್ ಕಾರ್ಡ್ ಹಾಕಿ ಕೆಟ್ಟೆ. ಜೈಲು ಎಂಬ ಪದ ಕಾರ್ಡಿನ ಮೇಲೆ ಕಂಡದ್ದೇ ತಡ, ಮನೆ ತಲುಪುವ ಮೊದಲೇ ಊರೆಲ್ಲ ಓದಿತ್ತು. ಆ ಕೈದಿಯ ತಂಗಿಗೆ ನಿಶ್ಚಯವಾಗಿದ್ದ ಮದುವೆ ಸಂಬಂಧ ಮುರಿಯಿತು. ಆ ಪಾಪ ನನ್ನದೇ. ಅಂದಿನಿಂದ ಮಡಚಿ ಅಂಟಿಸುವ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಕಾಗದ. ಅದರಲ್ಲೂ ಜೈಲಿನ ಹೆಸರೆತ್ತುವುದಿಲ್ಲ. ನನ್ನ ನಂಬರು, ಕರೆ ಮಾಡಬೇಕಾದ ಹೊತ್ತು, ಜೊತೆಗೆ ಕೈದಿಯ ಬಾಯಿಂದಲೇ ಕೇಳಿ ಬರೆದ ಒಂದು ಸಾಲು. ಆ ಸಾಲು ಎಂಥದ್ದೆಂದು ಇಲ್ಲಿ ಹೇಳುವುದಿಲ್ಲ. ಕಾಗದ ನಂಬಿಕೆ ಹುಟ್ಟಿಸುವುದೇ ಅದರಿಂದ. ಯಾರ ಹೆಸರಿಗೆ ಬರೆಯಬೇಕು ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ: ತಂದೆಗೆ ಬೇಡ, ಅಕ್ಕನಿಗೆ ಬರೆಯಿರಿ. ತಂದೆಯ ಸಿಟ್ಟು ಇಳಿಯಲು ತಿಂಗಳುಗಳೇ ಬೇಕು.

ಲಿಂಗಸುಗೂರು ಕಡೆಯ ಒಬ್ಬ ಹುಡುಗ, ಬೈಕ್ ಕಳವಿನ ಆರೋಪ. ಐವತ್ತು ಸಾವಿರದ ಬಾಂಡ್, ಇಬ್ಬರು ಜಾಮೀನುದಾರರು ಎಂದು ಆದೇಶವಾಗಿ ಐದು ತಿಂಗಳಾಗಿತ್ತು. ವಿಳಾಸ ಕೇಳಿದರೆ "ಹನುಮಪ್ಪನ ಗುಡಿ ಹಿಂದೆ, ಬೇವಿನ ಮರದ ಮನೆ" ಎಂದ. ಹಾಗೆಯೇ ಬರೆದೆ. ಒಂಬತ್ತನೆಯ ದಿನ ಅವನ ಅಕ್ಕ ರಾತ್ರಿ ಬಸ್ಸಿಗೆ ಬಂದಿಳಿದಳು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆಯ ಪಹಣಿ, ಅದರ ಮೇಲೆ ಬುತ್ತಿಯ ಎಣ್ಣೆಯ ಕಲೆ. ಪಹಣಿ ಮೂವರ ಜಂಟಿ ಹೆಸರಿನಲ್ಲಿತ್ತು, ಮೇಲೆ ಬೆಳೆ ಸಾಲದ ಬೋಜಾ (ಋಣಭಾರ) ಬೇರೆ. ಹೊರ ಜಿಲ್ಲೆಯ ಪಹಣಿ ನಡೆಯದು ಎಂಬ ತಕರಾರೂ ಬಂತು. 1978ರ ಮೋತಿರಾಮ್ ತೀರ್ಪಿನ ಪ್ರತಿಯನ್ನು ನಾನು ಸದಾ ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಅಲ್ಲಿಯೂ ಇದೇ ಕಥೆ, ಗಾರೆ ಕೆಲಸದವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಜಾಮೀನು ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟ್ ಅವನನ್ನು ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿಸಿತ್ತು. ಅಕ್ಕನನ್ನು ಎದುರಿಗೆ ನಿಲ್ಲಿಸಿ ಸಡಿಲಿಕೆಯ ಅರ್ಜಿ ಹಾಕಿದೆ. ಇಪ್ಪತ್ತು ಸಾವಿರ, ಒಬ್ಬರೇ ಜಾಮೀನುದಾರರು ಎಂದಾಯಿತು. ಮರುದಿನ ಸಂಜೆ ಹುಡುಗ ಹೊರಗೆ ಬಂದ. ಅಕ್ಕ ಮೊದಲು ಅವನ ಬೆನ್ನಿಗೊಂದು ಗುದ್ದಿ, ಆಮೇಲೆ ರೊಟ್ಟಿ ಕೊಟ್ಟಳು.

ಎಲ್ಲ ಹೀಗೆ ಸುಸೂತ್ರವಾಗಿ ನಡೆಯುವುದಿಲ್ಲ. ಒಬ್ಬ ತಾಯಿ ನನಗೆ ಹೇಳದೆ ಗೇಟಿನ ಬಳಿಯ ಬಾಡಿಗೆ ಜಾಮೀನುದಾರನಿಗೆ ನಾಲ್ಕು ಸಾವಿರ ಕೊಟ್ಟಳು. ಆಧಾರ್ ನೋಡಿದರೆ ಪಹಣಿ ಬೇರೆ ಯಾರದೋ. ಹಣವೂ ಹೋಯಿತು, ಆ ಕಡತದ ಮೇಲೆ ಅನುಮಾನವೂ ಕೂತಿತು.

ಖರ್ಚು ಕೇಳುವವರಿಗೆ: ಜೆರಾಕ್ಸ್, ಬಸ್ಸು, ಬಂದವರಿಗೆ ಒಂದು ಊಟ ಎಲ್ಲ ಸೇರಿ ತಲೆಗೆ ಮುನ್ನೂರರ ಸುಮಾರು. ನನ್ನ ಭೇಟಿ ಭತ್ಯೆ ಒಮ್ಮೆ ಹನ್ನೊಂದು ತಿಂಗಳು ತಡವಾಗಿ ಬಂತು; ಆ ವರ್ಷ ಹೆಂಡತಿಗೆ ಲೆಕ್ಕ ತೋರಿಸಲಿಲ್ಲ. ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವಿನ ಯೋಜನೆಯ 2023ರ ಮಾರ್ಗಸೂಚಿಯಂತೆ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ ಸಿಗುತ್ತಿತ್ತು, ದಂಡ ಕಟ್ಟಲಾಗದ ಶಿಕ್ಷೆಗೊಳಗಾದ ಕೈದಿಗೆ 25,000ದವರೆಗೆ. ಮೂರು ಹೆಸರು ಕಳಿಸಿದೆ. ಜಿಲ್ಲಾ ಸಮಿತಿಯ ಸಭೆ ಸೇರುವಷ್ಟರಲ್ಲಿ ಒಬ್ಬ ನನ್ನ ಕಾಗದದಿಂದಲೇ ಹೊರಬಂದಿದ್ದ, ಒಬ್ಬನಿಗೆ ಹಣ ಬಂತು, ಮೂರನೆಯವನ ಮೇಲೆ ಮಾದಕ ವಸ್ತು ಪ್ರಕರಣವಿದ್ದುದರಿಂದ ಅನ್ವಯಿಸಲಿಲ್ಲ. ಕಳಿಸುವ ಮೊದಲೇ ನಾನು ಮಾರ್ಗಸೂಚಿ ಓದಬೇಕಿತ್ತು.

ಹೊರ ರಾಜ್ಯದವರ ವಿಷಯದಲ್ಲಿ ನನ್ನ ಇನ್‌ಲ್ಯಾಂಡ್ ಸೋತಿದೆ. ಹಿಂದಿಯಲ್ಲಿ ಬರೆಸಿ ಜಾರ್ಖಂಡಿಗೆ, ಒಡಿಶಾಕ್ಕೆ ಐದು ಕಳಿಸಿದೆ, ಉತ್ತರವೇ ಇಲ್ಲ. ಆಮೇಲೆ ಹೊಳೆಯಿತು, ದೇಶದ ಪ್ರತಿ ಜಿಲ್ಲೆಯಲ್ಲೂ ನಮ್ಮಂಥದೇ ಪ್ರಾಧಿಕಾರ ಇದೆಯಲ್ಲ! ನಮ್ಮ ಕಾರ್ಯದರ್ಶಿಗಳ ಸಹಿಯಲ್ಲಿ ಅಲ್ಲಿಯ ಕಾರ್ಯದರ್ಶಿಗಳಿಗೆ ಪತ್ರ ಹೋಯಿತು. ಒಂದು ಕಡೆಯ ಕಾನೂನು ಸ್ವಯಂಸೇವಕ ಸೈಕಲ್ಲಿನಲ್ಲಿ ಹೋಗಿ ಕೈದಿಯ ಅಣ್ಣನನ್ನು ಹುಡುಕಿ, ಅಲ್ಲಿಂದಲೇ ನನಗೆ ವಿಡಿಯೊ ಕರೆ ಮಾಡಿದ. ಉಳಿದ ನಾಲ್ಕು ಕಡೆಯಿಂದ ಸುದ್ದಿಯಿಲ್ಲ. ನಾಳೆ ಜ್ಞಾಪನಾ ಪತ್ರಕ್ಕೆ ಸಹಿ ಹಾಕಿಸಬೇಕು.